ನಾರ್ಬನ ನೂರಡಿ ಟೇಪು

"ಎರಡು ಸಲ ಅಳೆಯೋದು ತನ್ನ ಮೇಲೆ ತನಗೇ ನಂಬಿಕೆ ಇಲ್ಲದೋನು ಮಾಡೋ ಕೆಲಸ" ಎಂದು ನಾರ್ಬರ್ಟ್ ಲೂಯ್ಕನ್ ಏಪ್ರಿಲ್ ತಿಂಗಳಲ್ಲಿ ನಾಲ್ಕು ಜನರ ಎದುರು ಹೇಳಿಬಿಟ್ಟ. ಮಾತು ಗಾಳಿಯಲ್ಲಿ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಆ ನಾಲ್ವರಲ್ಲಿ ಒಬ್ಬ ಕಸಾಯಿ ಕ್ಲೆಮ್. ಅವನ ಕಿವಿಗೆ ಬಿದ್ದ ಮಾತನ್ನು ಅವನು ಮಾಂಸದ ಹಾಗೆಯೇ ಉಪ್ಪು ಹಾಕಿ ಕಾಪಿಡುತ್ತಾನೆ.

ಸೇಂಟ್ ಕ್ವಿರಿನ್ ಮಿನೆಸೋಟಾದ ಒಂದು ಚಿಕ್ಕ ಊರು. ಭಾನುವಾರ ಬೆಳಗ್ಗೆ ಎಲ್ಲರೂ ಚರ್ಚಿಗೆ ಹೋಗುತ್ತಾರೆ, ಮಧ್ಯಾಹ್ನ ಎಲ್ಲರೂ ಬೇಸ್‌ಬಾಲ್ ಮೈದಾನಕ್ಕೆ ಹೋಗುತ್ತಾರೆ, ಎರಡು ಕಡೆಯೂ ಅಜ್ಜನ ಕಾಲದಿಂದ ಬಂದ ಜಾಗದಲ್ಲೇ ಕೂರುತ್ತಾರೆ. ಊರಿನ ತಂಡದ ಹೆಸರು ರೂಸ್ಟರ್ಸ್, ಅಂದರೆ ಹುಂಜಗಳು. ಆಡುವವರೆಲ್ಲ ಊರಿನವರೇ: ಹಾಲಿನ ಲಾರಿಯವನು, ಮೇಷ್ಟ್ರು, ಬಡಗಿ, ಹಂದಿ ಸಾಕುವ ಇಬ್ಬರು ಅಣ್ಣತಮ್ಮಂದಿರು. ಮೂವತ್ತೊಂದು ವರ್ಷದಿಂದ ಈ ಹುಂಜಗಳು ರಾಜ್ಯ ಪಂದ್ಯಾವಳಿಯ ಮುಖ ನೋಡಿರಲಿಲ್ಲ. ಹೊಡೆದ ಚೆಂಡು ಮೈದಾನದ ಬೇಲಿಯ ಮೇಲಿಂದ ಹಾರಿ ಹೊರಗೆ ಬಿದ್ದರೆ ಅದು ಹೋಮ್ ರನ್. ಹೋದ ವರ್ಷ ಇಡೀ ಬೇಸಿಗೆಯಲ್ಲಿ ರೂಸ್ಟರ್ಸ್ ಹೊಡೆದದ್ದು ಏಳು. ಮಿಕ್ಕ ಚೆಂಡುಗಳು ಬೇಲಿಯ ತನಕ ಉರುಳಿಕೊಂಡು ಹೋಗುವಷ್ಟು ಆಸಕ್ತಿಯನ್ನೂ ತೋರಿಸಿರಲಿಲ್ಲ.

ನಾರ್ಬನಿಗೆ ಶಾಲೆಯ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಮೈದಾನ ನೋಡಿಕೊಳ್ಳುವುದು ಅವನ ಭಕ್ತಿ. ಹತ್ತೊಂಬತ್ತು ವರ್ಷದಿಂದ ಹುಲ್ಲು ಕತ್ತರಿಸಿ, ಸುಣ್ಣದ ಗೆರೆ ಎಳೆದು, ಮಳೆ ಬಂದರೆ ಟಾರ್ಪಾಲು ಹೊದಿಸಿ, ಸ್ವಂತ ಮಗುವನ್ನು ನೋಡಿಕೊಂಡಂತೆ ನೋಡಿಕೊಂಡಿದ್ದ. ಆ ಏಪ್ರಿಲ್‌ನಲ್ಲಿ ಬೀಸಿದ ಬಿರುಗಾಳಿ ಮೈದಾನದ ಬೇಲಿಯನ್ನು ಬುಡಸಮೇತ ಕಿತ್ತು ಪಕ್ಕದ ಆಲ್ವಿನ್ ಕೂನನ ಹೊಲದಾಚೆ ಎಸೆಯಿತು. ಹಳೆಯ ಗುಂಡಿಗಳು ಕೆಸರಿನಲ್ಲಿ ಮುಚ್ಚಿಹೋದವು.

"ಹಳೇ ಗುಂಡಿ ಎಲ್ಲಿದ್ವು ಅಂತ ಕೆದಕಿ ನೋಡಯ್ಯಾ" ಎಂದ ತಂಡದ ಮ್ಯಾನೇಜರ್ ವರ್ನ್.

"ಗುಂಡಿ ಯಾಕೆ ಕೆದಕಲಿ? ನಾನೇನು ಬೆಕ್ಕಾ? ನನ್ನ ಹತ್ರ ಟೇಪಿದೆ. ಬ್ಯಾಟು ಬೀಸೋ ಜಾಗದಿಂದ ಎಡಕ್ಕೆ ಮುನ್ನೂರ ಮೂವತ್ತಡಿ, ನಡುವೆ ಮುನ್ನೂರ ಎಂಬತ್ತು. ಅಳೆದ್ರೆ ಆಯ್ತು."

"ಎರಡು ಸಲ ಅಳಿ" ಎಂದ ಕ್ಲೆಮ್. ಆಗ ನಾರ್ಬ್ ಆ ಮೇಲಿನ ಮಾತು ಆಡಿದ್ದು.

ಈಗ ಆ ಟೇಪಿನ ವಿಚಾರ. ಅದು ನೂರಡಿಯ ಉಕ್ಕಿನ ಟೇಪು. ಕೆಲವು ವರ್ಷದ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಅದರ ಮೊದಲ ಐದಡಿಯನ್ನು ನುಂಗಿ ನೀರು ಕುಡಿದಿತ್ತು. ನಾರ್ಬ್ ತುಂಡಾದ ತುದಿಗೆ ಹಿತ್ತಾಳೆಯ ಉಂಗುರ ಬೆಸೆದ. ಎಷ್ಟು ನಾಜೂಕಾಗಿ ಬೆಸೆದನೆಂದರೆ ಕಾರ್ಖಾನೆಯಿಂದಲೇ ಹಾಗೆ ಬಂದಿದೆ ಅನ್ನಬೇಕು. ನೆನಪಿಗೆಂದು ಉಂಗುರಕ್ಕೆ ಕೆಂಪು ದಾರ ಕಟ್ಟಿದ. ಲೆಕ್ಕ ಸುಲಭ: ದಾರ ಕಂಡರೆ ಪ್ರತಿ ಸಲ ಎಳೆದಾಗಲೂ ಐದು ಕಳೆ. ಬೇಲಿ ಅಳೆದ ದಿನ ಉಂಗುರದಲ್ಲಿ ದಾರ ಇರಲಿಲ್ಲ. ದಾರ ಇಲ್ಲದ್ದರಿಂದ ನಾರ್ಬನಿಗೆ ನೆನಪೂ ಬರಲಿಲ್ಲ. ನಾಲ್ಕು ಸಲ ಟೇಪು ಎಳೆದ, ನಾಲ್ಕು ಐದಲ ಇಪ್ಪತ್ತಡಿ ಒಳಗೆ ಬೇಲಿ ನೆಟ್ಟ, ಕಡುಹಸಿರು ಬಣ್ಣ ಬಳಿದ, ಎಡಗಡೆ ಬಿಳಿ ಅಕ್ಷರದಲ್ಲಿ 330 ಎಂದು ಬರೆದು, ಹಿಂದೆ ಸರಿದು ನಿಂತು ಮೆಚ್ಚಿಕೊಂಡ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಹಾಗೆ ಬೇಲಿ ಇಪ್ಪತ್ತಡಿ ಮೈದಾನ ಮೇಯ್ದಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಮೇ ತಿಂಗಳ ಮೊದಲ ಪಂದ್ಯ. ಹಾಲಿನ ಲಾರಿ ಓಡಿಸುವ ಡ್ವೇನ್ ಎಂಬ ಆನೆಯಂಥ, ಆದರೆ ನಾಚಿಕೆಯ ಹುಡುಗ ಬೀಸಿದ ಬ್ಯಾಟಿಗೆ ಸಿಕ್ಕ ಚೆಂಡು ಬೇಲಿಯನ್ನು ಹೇಗೋ ಸವರಿಕೊಂಡು ಆಚೆ ಬಿತ್ತು. ಡ್ವೇನ್ ಓಡುವುದನ್ನೇ ಮರೆತು ನಿಂತ. ಆಮೇಲೆ ಶುರುವಾಯಿತು ನೋಡಿ. ಮರುವಾರ ಮೂರು, ಅದರ ಮರುವಾರ ಐದು. ನದಿ ಉಕ್ಕಿ ಉಳಿದ ಊರುಗಳ ಮೈದಾನ ಕೆರೆಯಾಗಿದ್ದರಿಂದ ಪಂದ್ಯಗಳೆಲ್ಲ ಸೇಂಟ್ ಕ್ವಿರಿನ್ನಿಗೇ ಬಂದವು. ಜುಲೈ ನಾಲ್ಕರ ಹೊತ್ತಿಗೆ ರೂಸ್ಟರ್ಸ್ ಮೂವತ್ತೆಂಟು ಹೋಮ್ ರನ್ ಹೊಡೆದಿದ್ದರು. ಎದುರಾಳಿಗಳೂ ಒಂದೊಂದು ಹೊಡೆಯುತ್ತಿದ್ದರು, ಇಲ್ಲವೆಂದಲ್ಲ. ಅವರು ಹೊಡೆದರೆ ಅದು ಗಾಳಿ, ನಮ್ಮವರು ಹೊಡೆದರೆ ಅದು ತೋಳು. ಎಡಗಡೆ ನಿಲ್ಲುವ ಮೇಷ್ಟ್ರು ಮೂರು ಸಲ ಬೇಲಿಗೆ ಢಿಕ್ಕಿ ಹೊಡೆದಾಗಲೂ ಜನ, "ಮೇಷ್ಟ್ರ ಕಾಲು ಈ ವರ್ಷ ಏನು ಚುರುಕಾಗಿದೆ!" ಎಂದರು.

ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಬರವೇ? ಕ್ಲೆಮ್ ತನ್ನ ಅಂಗಡಿಯ ಮುಂದೆ "ಹೋಮ್ ರನ್ ಸಾಸೇಜು, ತಂಡ ತಿನ್ನುವುದು ಇದನ್ನೇ" ಎಂದು ಹಲಗೆ ನೆಟ್ಟ. ವರ್ನ್ ತಾನು ಕಂಡುಹಿಡಿದ ಸೊಂಟ ತಿರುಗಿಸುವ ವಿದ್ಯೆಯೇ ಕಾರಣವೆಂದು ಬ್ಯಾಂಕಿನ ಸಾಲಿನಲ್ಲಿ ನಿಂತು ಸೊಂಟ ತಿರುಗಿಸಿ ತೋರಿಸಿದ. ಮೊದಲ ಪಂದ್ಯದ ದಿನ ಬ್ಯಾಟುಗಳಿಗೆ ತೀರ್ಥ ಎರಚಿದ್ದ ಫಾದರ್ ಸೆವೆರಿನ್ ತಾವಾಗಿ ಏನೂ ಹೇಳಲಿಲ್ಲ, ಹೇಳುವವರನ್ನು ತಡೆಯಲೂ ಇಲ್ಲ. ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಯಿತು ಎಂದುಕೊಂಡ ಮುದುಕಿ ಒಬ್ಬಳಿದ್ದಳಂತೆ. ಸೇಂಟ್ ಕ್ವಿರಿನ್ನಿನಲ್ಲಿ ಮನೆಗೊಬ್ಬಳು ಅಂಥ ಮುದುಕಿ ಹುಟ್ಟಿಕೊಂಡಳು.

ನಾರ್ಬ್ ಹಿಂದೆ ಬಿದ್ದನೇ? "ಬೇಲಿಗೆ ನಾನು ಬಳಿದ ಹಸಿರಿದೆಯಲ್ಲ, ಅದರ ಮುಂದೆ ಬಿಳೀ ಚೆಂಡು ದೀಪ ಇಟ್ಟ ಹಾಗೆ ಕಾಣುತ್ತೆ. ಇದೆಲ್ಲಾ ಆಗ್ತಿರೋದು ಆ ಬಣ್ಣದಿಂದ" ಎಂದು ಜೂನ್ ತಿಂಗಳಿಡೀ ಕಂಡಕಂಡವರಿಗೆ ಹೇಳಿದ. ಒಂದು ಮದುವೆಯಲ್ಲಿ ಮದುಮಗಳಿಗೂ ಹೇಳಿದ.

ಜುಲೈ ಕೊನೆಗೆ ಚರ್ಚಿನ ಜಾತ್ರೆ. ಬಿಯರ್ ಟೆಂಟಿನ ಕಂಬ ನೆಡುವುದು ನಾರ್ಬನ ಪಾಲಿಗೆ ಬಂತು. ಟೆಂಟಿನ ಬಟ್ಟೆ ಅರವತ್ತಡಿ. ನಾರ್ಬ್ ಒಂದೇ ಸಲ ಅರವತ್ತಡಿ ಅಳೆದು ಕಂಬ ನೆಟ್ಟ. ಬಟ್ಟೆ ಕಟ್ಟಿದರೆ ನಡುವೆ ಮುದಿ ಹಸುವಿನ ಕೆಚ್ಚಲಿನಂತೆ ಜೋತುಬಿತ್ತು.

"ಬಟ್ಟೆ ಉದ್ದ ಆಗಿದೆ" ಎಂದ ನಾರ್ಬ್.

"ಬಟ್ಟೆ ಯಾವತ್ತಾದ್ರೂ ಬೆಳೆಯುತ್ತಾ?" ಎಂದಳು ಹೆಂಡತಿ ಡೆಲೋರಿಸ್. ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ನೋಡಿದಳು. "ಐದಡಿ ಕಮ್ಮಿ ಬಂತಲ್ಲೋ. ದಾರ ನೋಡ್ಕೊಂಡು ಐದು ಕಳೀಲಿಲ್ವಾ?"

"ಯಾವ ದಾರ?"

"ಟೇಪಿನ ಕೆಂಪು ದಾರ... ಅಯ್ಯೋ, ಅದಿಲ್ಲ ಅಲ್ವಾ. ಈಸ್ಟರ್ ಹಬ್ಬಕ್ಕೆ ಮಾಂಸದ ಸುರುಳಿ ಕಟ್ಟೋಕೆ ದಾರ ಸಾಲದೆ ನಾನೇ ಬಿಚ್ಕೊಂಡಿದ್ದೆ. ತಿಂದ್ಯಲ್ಲ, ಚೆನ್ನಾಗಿದೆ ಅಂತ ಎರಡು ಸಲ ಹಾಕಿಸ್ಕೊಂಡೆ!"

ನಾರ್ಬ್ ಈಸ್ಟರ್ ಯಾವಾಗ ಬಂದಿತ್ತು ಎಂದು ಲೆಕ್ಕ ಹಾಕಿದ. ಬೇಲಿ ಯಾವಾಗ ನೆಟ್ಟದ್ದು ಎಂದು ಲೆಕ್ಕ ಹಾಕಿದ. ಆಮೇಲೆ ಒಂದು ಬಿಯರ್ ಪೀಪಾಯಿಯ ಮೇಲೆ ಮೆಲ್ಲಗೆ ಕುಳಿತ.

"ಡೆಲೋರಿಸ್, ಬೇಲಿ" ಎಂದ.

ಅವಳು ಬಾಯಿಗೆ ಕೈ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು, "ಹೋಗಿ ಹೇಳ್ಬಿಡು. ಬೇಗ ಹೇಳಿದಷ್ಟೂ ಬೈಗುಳ ಕಮ್ಮಿ" ಎಂದಳು.

ಹೇಳುವುದು ಸುಲಭವೇ? ಹತ್ತೊಂಬತ್ತು ವರ್ಷದ ಹೆಸರು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ವಿಷಯ ಪಂದ್ಯ ನಡೆಸುವ ಲೀಗಿಗೆ ತಿಳಿದರೆ ಗೆದ್ದ ಪಂದ್ಯಗಳನ್ನೆಲ್ಲ ರದ್ದು ಮಾಡಿಬಿಟ್ಟರೆ? ಮೂವತ್ತೊಂದು ವರ್ಷದ ಮೇಲೆ ಬಂದ ಅವಕಾಶ. ಆದರೂ ನಾರ್ಬ್ ಕೆಟ್ಟವನಲ್ಲ. ಬಿಸಿತುಪ್ಪ ಉಗುಳಿಯೇ ಬಿಡುವುದೆಂದು ನಿರ್ಧರಿಸಿ ಮೊದಲು ವರ್ನನ ಬಳಿಗೆ ಹೋದ. ವರ್ನ್ ತನ್ನ ಹಿಟ್ಟಿನ ಗಿರಣಿಯಲ್ಲಿ ಮೂಟೆ ಎತ್ತುತ್ತಿದ್ದ.

"ವರ್ನ್, ಒಂದು ವಿಷ್ಯ. ಈ ಹೋಮ್ ರನ್ ಎಲ್ಲಾ ಆಗ್ತಿರೋದು ನನ್ನಿಂದ ಕಣಯ್ಯಾ."

ವರ್ನ್ ಮೂಟೆ ಇಳಿಸಿದ. "ಬೆಳಗ್ಗಿಂದ ನೀನು ನಾಲ್ಕನೆಯವನು."

"ಹಾಗಲ್ಲ ಮಾರಾಯ, ಬೇಲಿ ಇದೆಯಲ್ಲ..."

"ಗೊತ್ತು, ಬಣ್ಣ. ದೀಪ ಇಟ್ಟ ಹಾಗೆ ಕಾಣುತ್ತೆ. ಜೂನಿಂದ ಕೇಳ್ತಿದೀನಿ. ಹುಡುಗರು ಬೆವರು ಸುರಿಸಿ ಹೊಡೀತಾರೆ, ಈ ಊರಲ್ಲಿ ಒಬ್ಬೊಬ್ಬನೂ ತನ್ನ ಅಂಗಿ ಜೇಬಿಂದ ತೆಗೆದುಕೊಟ್ಟೆ ಅಂತಾನೆ. ಸ್ವಲ್ಪ ನಾಚಿಕೆ ಬೇಡ್ವಾ?" ಎಂದವನೇ ವರ್ನ್ ಮತ್ತೆ ಮೂಟೆ ಎತ್ತಿದ, ಸೊಂಟ ತಿರುಗಿಸಿ, ಹೇಗೆ ತಿರುಗಿಸಬೇಕೋ ಹಾಗೆ.

ಕ್ಲೆಮ್‌ನ ಅಂಗಡಿಯಲ್ಲಿ ಇನ್ನೂ ಕೆಟ್ಟದಾಯಿತು. ಅಲ್ಲಿ ಆರು ಜನ ಗಿರಾಕಿಗಳು.

"ಕ್ಲೆಮ್, ನಿನ್ನ ಸಾಸೇಜಿಂದ ಏನೂ ಆಗಿಲ್ಲ. ಎಲ್ಲಾ ನಾನು ಮಾಡಿದ್ದು" ಎಂದ ನಾರ್ಬ್, ಪಶ್ಚಾತ್ತಾಪದ ಭಾರದಲ್ಲಿ ಮಾತಿನ ಕ್ರಮ ತಪ್ಪಿ.

ಕ್ಲೆಮ್ ಕತ್ತಿಯನ್ನು ಹಲಗೆಗೆ ಕಚ್ಚಿಸಿದ. "ಕೇಳಿದ್ರಾ? ಎಲ್ರೂ ಕೇಳಿದ್ರಾ? ನನ್ನ ಅಂಗಡಿಯೊಳಗೇ ಬಂದು ಹೇಳ್ತಾನೆ! ಡ್ವೇನ್ ಪಂದ್ಯದ ದಿನ ಆರು ತಿಂತಾನೆ, ಆರು! ನಿನ್ನ ಬೇಲಿ ಬಣ್ಣ ನೆಕ್ಕಿದ್ರೆ ಬರುತ್ತೇನೋ ಆ ತೋಳು?"

"ಟೇಪು ಐದಡಿ..."

"ಎರಡು ಸಲ ಅಳೆಯೋನು ನಂಬಿಕೆ ಇಲ್ಲದೋನು ಅಂದೆ. ನೀನು ನಿನ್ನ ದೊಡ್ಡಸ್ತಿಕೆ ಮಾತ್ರ ದಿನಾ ಎರಡು ಸಲ ಅಳೀತೀಯ! ಮುಂದಿನವರು ಬನ್ನಿ."

ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು, ನಾರ್ಬನಿಗೆ ಜಂಬ ನೆತ್ತಿಗೇರಿದೆಯೆಂದು. ಉಳಿದದ್ದು ಒಂದೇ ಬಾಗಿಲು. ಶನಿವಾರ ಮಧ್ಯಾಹ್ನ ನಾರ್ಬ್ ಪಾಪನಿವೇದನೆಯ ಗೂಡಿನಲ್ಲಿ ಮೊಣಕಾಲೂರಿದ. ಜಾಲರಿಯ ಆಚೆ ಫಾದರ್ ಸೆವೆರಿನ್. ಹೊರಗೆ ಇನ್ನೂ ಹದಿನೇಳು ಜನ ಪಾಪಿಗಳು ಕಾಯುತ್ತಿದ್ದರು, ಪಂದ್ಯಕ್ಕೆ ಮುಕ್ಕಾಲು ಗಂಟೆ ಉಳಿದಿತ್ತು.

"ಫಾದರ್, ಈ ಹೋಮ್ ರನ್ನುಗಳು... ಎಲ್ಲಾ ನನ್ನಿಂದಲೇ ಆಗಿದ್ದು."

ಜಾಲರಿಯ ಆಚೆ ಒಂದು ನಿಟ್ಟುಸಿರು. "ಮಗನೇ, ಇದನ್ನ ಅಹಂಕಾರ ಅಂತಾರೆ."

"ಅಹಂಕಾರ ಅಲ್ಲ ಫಾದರ್, ಸತ್ಯ! ನಾನು ಬೇಲಿ..."

"ಬಣ್ಣದ ವಿಷಯ ಗೊತ್ತು. ನೀನು ಮದುಮಗಳಿಗೆ ಹೇಳ್ತಿದ್ದಾಗ ನಾನು ಅಲ್ಲೇ ಪಕ್ಕದಲ್ಲಿದ್ದೆ. ನೋಡು, ಮೂರು ತಿಂಗಳಿಂದ ಈ ಗೂಡಿಗೆ ಬರೋರೆಲ್ಲ ಪಾಪ ಬಿಟ್ಟು ಹೋಮ್ ರನ್ ಒಪ್ಪಿಸ್ತಿದ್ದಾರೆ. ಸಾಕು. ನಿನಗೆ ಪ್ರಾಯಶ್ಚಿತ್ತ: ಇವತ್ತಿಂದ ಒಂದು ತಿಂಗಳು ಹೋಮ್ ರನ್ ಬಗ್ಗೆ, ಬೇಲಿ ಬಗ್ಗೆ, ನಿನ್ನ ಬಾಯಿಂದ ಒಂದಕ್ಷರ ಬರಕೂಡದು. ಹೋಗಿ ಬಾ. ಮುಂದಿನವರು."

ನಾರ್ಬ್ ಹೊರಗೆ ಬಂದ. ನಿಜ ಹೇಳಲು ಹೋದವನು ನಿಜ ಹೇಳಬಾರದೆಂಬ ಆಜ್ಞೆ ಹೊತ್ತು ಬಂದದ್ದು ಆ ಚರ್ಚಿನ ಇತಿಹಾಸದಲ್ಲಿ ಅದೇ ಮೊದಲಿರಬೇಕು.

ಮೂರು ವಾರ ಅವನು ತುಟಿ ಬಿಚ್ಚಲಿಲ್ಲ. ಹಾಗೆ ನೋಡಿದರೆ ಸುಖವಾಗಿಯೇ ಇತ್ತು. ಅಷ್ಟರಲ್ಲಿ ರೂಸ್ಟರ್ಸ್ ಕೊನೆಯ ಸುತ್ತಿಗೆ ಬಂದರು. ಭಾನುವಾರ ಎಲ್ಬರ್ಗ್ ಊರಿನ ಮೇಲೆ, ತಮ್ಮದೇ ಮೈದಾನದಲ್ಲಿ ಗೆದ್ದರೆ ರಾಜ್ಯ ಪಂದ್ಯಾವಳಿ. ಎಲ್ಬರ್ಗಿನವರು ಸುಮ್ಮನಿರುತ್ತಾರೆಯೇ? ಸೇಂಟ್ ಕ್ವಿರಿನ್ನಿನವರು ಬ್ಯಾಟಿನೊಳಗೆ ಏನೋ ತುಂಬಿದ್ದಾರೆಂದು ಲೀಗಿಗೆ ದೂರು ಬರೆದರು. ಗುರುವಾರ ಮಧ್ಯಾಹ್ನ ಲೀಗಿನ ಅಧಿಕಾರಿ ಹಾಲ್ವರ್ಸನ್ ಬಂದಿಳಿದ. ಉದ್ದನೆಯ, ಒಣಗಿದ ಮೀನಿನಂಥ ಮನುಷ್ಯ. ನಾರ್ವೆ ಮೂಲದವನು, ಸಾಲದ್ದಕ್ಕೆ ಲುಥೆರನ್, ಅಂದರೆ ಈ ಕ್ಯಾಥೊಲಿಕ್ ಊರಿನ ತೀರ್ಥಗೀರ್ಥ ನಂಬದ ಪಂಗಡದವನು. ಊರಿಗೆ ಊರೇ ಮೈದಾನದಲ್ಲಿ ನೆರೆಯಿತು.

ಹಾಲ್ವರ್ಸನ್ ಯಾರ ಮುಖವನ್ನೂ ನೋಡದೆ ಡ್ವೇನ್‌ನ ಬ್ಯಾಟು ತೆಗೆದುಕೊಂಡು ಗರಗಸದಿಂದ ಎರಡು ಹೋಳು ಮಾಡಿದ. ಒಳಗೆಲ್ಲ ಗಟ್ಟಿ ಮರ.

"ತೀರ್ಥ ಎರಚಿದ ಬ್ಯಾಟು ಅದು!" ಎಂದು ಯಾರೋ ಅತ್ತರು.

"ತೀರ್ಥ ಒಣಗಿದೆ" ಎಂದ ಹಾಲ್ವರ್ಸನ್. "ಬಂದದ್ದು ಬಂದಿದೀನಿ, ಬೇಲಿಯೂ ನೋಡಿಬಿಡ್ತೀನಿ. ನನ್ನ ಟೇಪು ಹನ್ನೆರಡಡಿ. ಉದ್ದದ್ದು ಯಾರ ಹತ್ರ ಇದೆ?"

"ನಾರ್ಬನ ಹತ್ರ!" ಎಂದಿತು ಇಡೀ ಊರು.

ನಾರ್ಬ್ ಟೇಪು ತಂದುಕೊಟ್ಟ. ಹಾಲ್ವರ್ಸನ್ ಒಂದು ತುದಿ ವರ್ನನ ಕೈಗೆ ಕೊಟ್ಟು ನಾಲ್ಕು ಸಲ ಎಳೆದು, ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು ಓದಿದ. "ಮುನ್ನೂರ ಮೂವತ್ತು. ಸರಿಯಾಗಿ."

ಜನ ಹೋ ಎಂದರು. ತನಿಖೆ ನೋಡಲು ಬಂದಿದ್ದ ಎಲ್ಬರ್ಗಿನ ಮ್ಯಾನೇಜರ್ ಟೋಪಿಯನ್ನು ಹಿಂಡಿದ. ನಾರ್ಬ್ ಫಾದರ್ ಕಡೆ ನೋಡಿದ. ಫಾದರ್ ತುಟಿಯ ಮೇಲೆ ಬೆರಳಿಟ್ಟು ಪ್ರಾಯಶ್ಚಿತ್ತ ನೆನಪಿಸಿದರು. ಬಾಯಿ ಮುಚ್ಚಿಕೊಂಡಿದ್ದರೆ ಹೆಸರೂ ಉಳಿಯುತ್ತದೆ, ತಂಡವೂ ಉಳಿಯುತ್ತದೆ, ಮೇಲೆ ಪುಣ್ಯವೂ ಬರುತ್ತದೆ. ಇಷ್ಟು ಅನುಕೂಲದ ಪ್ರಾಯಶ್ಚಿತ್ತ ಸಂತರಿಗೂ ಸಿಕ್ಕಿರಲಿಕ್ಕಿಲ್ಲ. ನಾರ್ಬ್ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ. ಆದರೆ ಹಾಲ್ವರ್ಸನ್ ಎದ್ದು ನಿಂತು ಮೊಣಕಾಲಿನ ಮಣ್ಣು ಕೊಡವಿ ಕೇಳಿದ:

"ಈ ಬೇಲಿ ಅಳೆದೋರು ಯಾರು? ಮೂವತ್ತು ವರ್ಷದಿಂದ ಬೇಲಿ ನೋಡ್ತಿದೀನಿ, ಒಂದಂಗುಲ ಹೆಚ್ಚಿಲ್ಲ, ಒಂದಂಗುಲ ಕಮ್ಮಿಯಿಲ್ಲ. ಅಳತೆ ಅಂದ್ರೆ ಇದು."

ಆ ಹೊಗಳಿಕೆ ನಾರ್ಬನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಬೈಗುಳವಾಗಿದ್ದರೆ ನುಂಗುತ್ತಿದ್ದ. ಸುಳ್ಳು ಅಳತೆಗೆ ಸಿಕ್ಕ ಹೊಗಳಿಕೆಯನ್ನು ಕೈಗೆಲಸ ಬಲ್ಲ ಆ ಮನುಷ್ಯನಿಂದ ನುಂಗಲಾಗಲಿಲ್ಲ.

"ಸ್ವಾಮಿ, ಆ ಟೇಪು ಸುಳ್ಳು ಹೇಳುತ್ತೆ" ಎಂದ.

ಫಾದರ್ ಬೆರಳನ್ನು ತುಟಿಗೆ ಇನ್ನೂ ಗಟ್ಟಿಯಾಗಿ ಒತ್ತಿದರು.

"ಮೊದಲ ಐದಡಿ ಇಲ್ಲ. ಬ್ಯಾಟು ಬೀಸೋ ಹೋಮ್ ಪ್ಲೇಟಿನಿಂದ ಓಡಿ ಮುಟ್ಟೋ ಮೊದಲನೇ ಬೇಸ್ ತನಕ ಹಿಡಿದು ನೋಡಿ. ತೊಂಬತ್ತಡಿ ಇರಬೇಕು, ಅದು ಸಿಮೆಂಟಿನಲ್ಲಿ ಕೂತಿದೆ, ಅಲುಗಿಲ್ಲ."

ಹಾಲ್ವರ್ಸನ್ ಹಿಡಿದು ನೋಡಿದ. ತೊಂಬತ್ತೈದು. "ಒಂದೋ ಈ ಬಡಪಾಯಿಗಳು ಇಷ್ಟು ವರ್ಷ ಐದಡಿ ಹೆಚ್ಚು ಓಡಿದ್ದಾರೆ, ಇಲ್ಲಾ ನೀನು ಹೇಳೋದು ನಿಜ" ಎಂದ. ಆಮೇಲೆ ಬೆರಳಲ್ಲಿ ಲೆಕ್ಕ ಹಾಕಿದ. "ನಾಲ್ಕು ಎಳೆತ. ಬೇಲಿ ಮುನ್ನೂರ ಹತ್ತಡಿಯಲ್ಲಿದೆ."

"ನನ್ನ ಜೋಳಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಬೇಲಿಯ ಆಚೆ ಹೊಲದ ಆಲ್ವಿನ್ ಕೂನ್. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಜನ ಬೇಲಿಯ ಮೇಲಿಂದ ಇಣುಕಿ ಅವನ ಮೆಕ್ಕೆಜೋಳದ ಸಾಲುಗಳನ್ನು ನೋಡಿದರು. ಆ ಸೀಮೆಯಲ್ಲಿ ಸಾಲಿನಿಂದ ಸಾಲಿಗೆ ಮೂವತ್ತಂಗುಲ. ಅದಕ್ಕೆ ಟೇಪು ಬೇಕಿಲ್ಲ, ಬಿತ್ತುವ ಯಂತ್ರವೇ ಹಾಗಿರುತ್ತದೆ.

"ರಸ್ತೆಯಿಂದ ಬೇಲಿಗೆ ನಿಂದು ಯಾವಾಗ್ಲೂ ನಲವತ್ತು ಸಾಲು ಅಲ್ವೇನೋ?" ಎಂದ ಕ್ಲೆಮ್. "ಈ ವರ್ಷ ನಲವತ್ತೆಂಟಿದೆ."

ಎಂಟು ಸಾಲು. ಸರಿಯಾಗಿ ಇಪ್ಪತ್ತಡಿ. ಬೇಲಿ ಒಳಗೆ ಬಂದದ್ದು ಊರಿನಲ್ಲಿ ಒಬ್ಬನಿಗೆ ಮಾತ್ರ ಮೊದಲ ದಿನವೇ ಗೊತ್ತಾಗಿತ್ತು, ಅವನು ತೆಪ್ಪಗೆ ಎಂಟು ಸಾಲು ಹೆಚ್ಚು ಬಿತ್ತಿಕೊಂಡಿದ್ದ. ಹೊಲದೊಳಗೆ ಬಿದ್ದ ಚೆಂಡು ಹುಡುಕಲು ಹೋದವರನ್ನು "ಜೋಳ ತುಳಿದ್ರೆ ಕಾಲು ಮುರೀತೀನಿ" ಎಂದು ಬೇಸಿಗೆಯಿಡೀ ಓಡಿಸಿದ್ದು ಯಾಕೆಂದು ಈಗ ತಿಳಿಯಿತು. ಬೇಲಿ ಹೊಲ ಮೇಯ್ದದ್ದು ಎಲ್ಲರೂ ಕೇಳಿದ್ದಾರೆ. ಇಲ್ಲಿ ಹೊಲವೂ ಎದ್ದು ಬೇಲಿಯ ಬೆನ್ನು ಹತ್ತಿತ್ತು.

ಹಾಲ್ವರ್ಸನ್ ತೀರ್ಪು ಕೊಟ್ಟ: "ಬೇಲಿ ಎರಡು ತಂಡಕ್ಕೂ ಒಂದೇ ಜಾಗದಲ್ಲಿ ನಿಂತಿತ್ತು. ಗೆದ್ದದ್ದು ಗೆದ್ದ ಹಾಗೇ. ಆದ್ರೆ ಭಾನುವಾರದೊಳಗೆ ಬೇಲಿ ಇಪ್ಪತ್ತಡಿ ಹಿಂದೆ ಹೋಗಬೇಕು. ಇಲ್ಲದಿದ್ರೆ ಪಂದ್ಯ ಎಲ್ಬರ್ಗಿಗೆ." ಹೋಗುವಾಗ ನಾರ್ಬನ ಕಡೆ ತಿರುಗಿ, "ಉಂಗುರ ಚೆನ್ನಾಗಿ ಬೆಸೆದಿದ್ದೀಯ" ಎಂದ.

ಸಂಜೆಗೆ ಕ್ಲೆಮ್ ಅಂಗಡಿಯ ಮುಂದಿನ ಹಲಗೆ ಕಿತ್ತ. ವರ್ನನ ಸೊಂಟ ನೆಟ್ಟಗಾಯಿತು. ಜನ ನಾರ್ಬನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋದರು. ಡೆಲೋರಿಸ್ ದಿನಸಿ ಅಂಗಡಿಯ ನಡುವೆ ನಿಂತು, "ಅವನು ನಿಮ್ಗೆ ಮೂರು ಸಲ ಹೇಳೋಕೆ ಬಂದ! ಯಾರು ಕೇಳಿದ್ರಿ? ಆ ದಾರ ಬಿಚ್ಚಿದೋಳು ನಾನು, ಬೈಯೋದಿದ್ರೆ ನನ್ನ ಬೈರಿ!" ಎಂದಳು. ಡೆಲೋರಿಸ್‌ಳನ್ನು ಬೈಯುವ ಧೈರ್ಯ ಆ ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ.

ಇದೆಲ್ಲವನ್ನೂ ನಾರ್ಬ್ ತಡೆದುಕೊಂಡ. ತಡೆಯಲಾಗದ್ದು ಡ್ವೇನ್. ಶುಕ್ರವಾರ ಆ ದೊಡ್ಡ ಹುಡುಗ ಹಾಲಿನ ಲಾರಿ ನಿಲ್ಲಿಸಿ ಕೆಳಗಿಳಿಯದೆ ಕೇಳಿದ:

"ನಾರ್ಬ್, ನಂದು ಹತ್ತೊಂಬತ್ತಿತ್ತು. ಎಲ್ಲಾ ಸುಳ್ಳಾ?"

ನಾರ್ಬನಿಗೆ ಬೇಲಿಯಂತೆ ತನ್ನನ್ನೂ ಯಾರಾದರೂ ಬುಡಸಮೇತ ಕಿತ್ತು ಎಸೆಯಬಾರದೇ ಎನಿಸಿತು.

ಶನಿವಾರ ಬೆಳಗ್ಗೆ ಊರೆಲ್ಲ ಕುಡುಗೋಲು ಹಿಡಿದು ಬಂತು. ಬಾಯಲ್ಲಿ ಬೈಗುಳ, ಕೈಯಲ್ಲಿ ಕೆಲಸ. ಆಳೆತ್ತರದ ಜೋಳ ಬೀಳತೊಡಗಿತು. ಆಲ್ವಿನ್ ಟ್ರ್ಯಾಕ್ಟರಿನ ಮೇಲೆ ಕುಳಿತು ಒಂದೊಂದು ದಂಟಿಗೂ ನಿಟ್ಟುಸಿರು ಬಿಟ್ಟ. ಮೊದಲ ಸಾಲಿನಲ್ಲೇ ಒಂದು ಚೆಂಡು ಸಿಕ್ಕಿತು, ಕೆಸರಿನಲ್ಲಿ ಅರ್ಧ ಹೂತು, ಇಲಿ ಕಡಿದು, ಹೊಲಿಗೆ ಬಿಚ್ಚಿಕೊಂಡಿತ್ತು.

"ಇದು ಮೊದಲನೇ ಪಂದ್ಯದ್ದು" ಎಂದ ಡ್ವೇನ್ ಸಣ್ಣ ದನಿಯಲ್ಲಿ. "ಬೇಲಿ ಸವರಿಕೊಂಡು ಹೋಗಿತ್ತಲ್ಲ, ಅದು."

ಎಂಟು ಸಾಲು ಪೂರ್ತಿ ಮಲಗಿದ ಮೇಲೆ ಸಿಕ್ಕಿದ್ದೇನು? ಐದು ಚೆಂಡು, ಒಂದು ಬಿಯರ್ ಬಾಟಲಿ. ಜನ ಕುಡುಗೋಲು ಊರಿ ನಿಂತು ಮುಖ ಮುಖ ನೋಡಿಕೊಂಡರು.

"ಐದೇನಾ?" ಎಂದ ವರ್ನ್. "ಮಿಕ್ಕಿದ್ದೆಲ್ಲಿ?"

ಪ್ರಶ್ನೆ ಮುಗಿಯುವ ಮೊದಲೇ ನಾರ್ಬ್ ಒಂಬತ್ತನೇ ಸಾಲಿನೊಳಗೆ ನುಗ್ಗಿದ್ದ. ಆಲ್ವಿನ್ "ಏಯ್, ಕಾಲು!" ಎಂದು ಕಿರುಚಿದ. ನಾರ್ಬ್ ಕೇಳಲಿಲ್ಲ. ಜೋಳದ ಗರಿ ಅಲುಗುವುದು ಕಂಡಿತೇ ಹೊರತು ಮನುಷ್ಯ ಕಾಣಲಿಲ್ಲ. ಆಮೇಲೆ ಒಳಗಿನಿಂದ ದನಿ ಬಂತು.

"ಹನ್ನೊಂದನೇ ಸಾಲು! ಒಂದು!"

ಜನ ಬೆರಳು ಮಡಿಚಿ ಎಣಿಸತೊಡಗಿದರು.

"ಹದಿನಾಲ್ಕು! ಎರಡಿವೆ! ಹದಿನೇಳು! ಇಲ್ಲೊಂದು ರಾಶಿ ಇದೆ ಕಣ್ರೋ! ಡ್ವೇನ್! ಲೋ ಡ್ವೇನ್! ಇಪ್ಪತ್ತಮೂರನೇ ಸಾಲು! ಇಪ್ಪತ್ತಮೂರು ಕಣೋ! ಇಲ್ಲಿಗೆ ಬೇಲಿ ಹಾಕಿದ್ರೂ ಆಚೆ ಬೀಳ್ತಿತ್ತು!"

ಆಮೇಲೆ ಆಲ್ವಿನ್‌ನ ಜೋಳವನ್ನು ದೇವರೇ ಕಾಪಾಡಬೇಕಿತ್ತು. ಊರಿಗೆ ಊರೇ ಒಳಗೆ ನುಗ್ಗಿತು. ಕ್ಲೆಮ್ ಏಪ್ರನ್ನಿನಲ್ಲಿ ಚೆಂಡು ತುಂಬಿಕೊಂಡು ಬಂದ, ಫಾದರ್ ತಮ್ಮ ಹ್ಯಾಟಿನಲ್ಲಿ ತಂದರು. ನಲವತ್ತೊಂದು ಚೆಂಡು ಎಂಟು ಸಾಲಿನ ಆಚೆ ಸಿಕ್ಕವು. ನಾರ್ಬ್ ಅಂಗಿಯ ತುಂಬ ಚೆಂಡು ಹೊತ್ತು, ಮುಖದ ಮೇಲೆಲ್ಲ ಗರಿ ಕೊಯ್ದ ಗೀರು ಹೊತ್ತು, ಈಚೆ ಬಂದು ಡ್ವೇನ್‌ನ ಕಾಲ ಬಳಿ ಸುರಿದ. ಡ್ವೇನ್‌ನ ಮುಖ ಅರಳಿದ್ದನ್ನು ನೋಡಿ ನಾರ್ಬನ ಕಣ್ಣು ತುಂಬಿಬಂತು. ಜೋಳದ ಧೂಳು ಎಂದು ಒರೆಸಿಕೊಂಡ.

"ಮೊದಲನೇದು ಸುಲಭವಾಗಿ ಹೋಯ್ತಲ್ಲ" ಎಂದ ಡ್ವೇನ್ ತಲೆ ಕೆರೆದುಕೊಂಡು. "ಅವತ್ತಿಂದ ಬೇಲಿ ಅಂದ್ರೆ ಭಯಾನೇ ಹೋಯ್ತು. ಜೋರಾಗಿ ಬೀಸ್ತಾ ಹೋದೆ." ಇಲಿ ಕಡಿದ ಆ ಚೆಂಡನ್ನು ಎತ್ತಿ ನಾರ್ಬನ ಕೈಯಲ್ಲಿಟ್ಟ. "ಇದು ನಿಂದು. ಇಟ್ಕೋ."

ಅಂದು ಸಂಜೆ ನಾರ್ಬ್ ಬೇಲಿ ನೆಟ್ಟ. ಹಾಲ್ವರ್ಸನ್ ಕಳಿಸಿದ ಹೊಸ ಟೇಪಿನಲ್ಲಿ ಎರಡು ಸಲ ಅಳೆದ. ಕ್ಲೆಮ್ ಅಲ್ಲೇ ನಿಂತು ಎರಡು ಸಲವೂ ನೋಡಿದ, ಮೂರನೇ ಸಲ ತಾನೇ ಅಳೆದ.

ಭಾನುವಾರ ಮುನ್ನೂರ ಮೂವತ್ತಡಿಯ ಆಚೆ, ಆಲ್ವಿನ್ ಕೂನನ ಅಳಿದುಳಿದ ಜೋಳದೊಳಗೆ, ರೂಸ್ಟರ್ಸ್ ನಾಲ್ಕು ಹೋಮ್ ರನ್ ಹೊಡೆದರು. ಕೊನೆಯದು ಡ್ವೇನ್‌ನದು, ಗರಗಸಕ್ಕೆ ಸಿಗದ ಹೊಸ ಬ್ಯಾಟಿನಿಂದ. ಎಲ್ಬರ್ಗಿನವರು ಬಸ್ಸು ಹತ್ತಿದರು. ಮೂವತ್ತೊಂದು ವರ್ಷದ ಮೇಲೆ ಹುಂಜ ಕೂಗಿತು.

ಗೆಲುವಿಗೆಂದು ಮತ್ತೆ ಕಟ್ಟಿದ ಬಿಯರ್ ಟೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಲೆಮ್‌ನ ಹಲಗೆ ಮತ್ತೆ ಎದ್ದಿತ್ತು. ವರ್ನ್ ಹಾಲ್ವರ್ಸನ್‌ಗೇ ಸೊಂಟ ತಿರುಗಿಸಿ ತೋರಿಸುತ್ತಿದ್ದ, ಆ ಒಣಮೀನು ಗಂಭೀರವಾಗಿ ತಾನೂ ತಿರುಗಿಸಿ ನೋಡುತ್ತಿತ್ತು. ನಾರ್ಬ್ ಮಾತ್ರ ಮೂಲೆಯಲ್ಲಿ ಫಾದರ್ ಸೆವೆರಿನ್ ಪಕ್ಕ ಕುಳಿತು, ಮಡಿಲಲ್ಲಿ ಆ ಚೆಂಡು ಇಟ್ಟುಕೊಂಡಿದ್ದ.

"ಫಾದರ್, ಒಂದು ಮಾತು. ಜಾತ್ರೆಯಿಂದೀಚೆ ಅವೆಲ್ಲಾ ನಂದೇ ತಪ್ಪು ಅಂತ ನಿದ್ದೆಗೆಟ್ಟೆ. ನಿನ್ನೆ ಐದೇ ಅಂತ ಗೊತ್ತಾಯ್ತಲ್ಲ..."

"ಹಗುರಾಯ್ತು?"

"ಆಯ್ತು. ಆದ್ರೆ..." ನಾರ್ಬ್ ದನಿ ತಗ್ಗಿಸಿದ. "ಸ್ವಲ್ಪ ಬೇಜಾರೂ ಆಯ್ತು ಫಾದರ್. ಬರೀ ಐದಾ?"

ಫಾದರ್ ಬಿಯರ್ ಲೋಟ ಕೆಳಗಿಟ್ಟರು. "ಜುಲೈನಲ್ಲಿ ಏನಂದಿದ್ದೆ ನಾನು? ಯಾವ ಪಾಪ ಅದು?"

"ಅಹಂಕಾರ."

"ಒಪ್ಪಿದ್ಯಾ?"

"ಈಗ ಒಪ್ಪಿದೆ ಫಾದರ್."

"ಹಾಗಾದ್ರೆ ತಿಂಗಳು ತುಂಬೋಕೆ ಇನ್ನೂ ಒಂಬತ್ತು ದಿನ ಇದೆ. ಬಾಯಿ ಮುಚ್ಚು."

ಅಷ್ಟರಲ್ಲಿ ಕ್ಲೆಮ್ ಸಾಸೇಜಿನ ತಟ್ಟೆ ಹಿಡಿದು ಬೆಂಚಿನ ಮೇಲೆ ಹತ್ತಿ, "ನಾರ್ಬ್! ಮೊದಲನೇ ಚೆಂಡು ನಿಂದೇ ಅಂತ ಡ್ವೇನ್ ಹೇಳಿದ್ದಾನೆ! ನೀನೂ ನಾಲ್ಕು ಮಾತು ಹೇಳಯ್ಯಾ, ಹೇಗಾಯ್ತು ಇದೆಲ್ಲಾ?" ಎಂದು ಕೂಗಿದ. ಟೆಂಟಿನ ಅಷ್ಟೂ ಮುಖ ನಾರ್ಬನತ್ತ ತಿರುಗಿದವು.

ನಾರ್ಬ್ ಎದ್ದು ನಿಂತ. ಫಾದರ್ ತುಟಿಯ ಮೇಲೆ ಬೆರಳಿಟ್ಟರು. ನಾರ್ಬ್ ಒಂದು ಸಾಸೇಜು ತೆಗೆದು ಇಡಿಯಾಗಿ ಬಾಯಿಗೆ ತುರುಕಿಕೊಂಡು ಕುಳಿತುಬಿಟ್ಟ.

ಆಮೇಲೆ ವರ್ನ್ ಮೆಲ್ಲಗೆ, "ನೋಡ್ರಯ್ಯಾ, ಎಂಥ ವಿನಯ!" ಎಂದ. ಡೆಲೋರಿಸ್ ತಲೆಯಾಡಿಸಿದಳು, ಕ್ಲೆಮ್ ಏಪ್ರನ್ನಿನಿಂದ ಕಣ್ಣೊರೆಸಿಕೊಂಡ, ಇಡೀ ಟೆಂಟು ಚಪ್ಪಾಳೆ ತಟ್ಟಿತು. ಆ ಮಾತು ಕೇಳಿ ನಾರ್ಬನ ಎದೆ ಎಷ್ಟು ಅಂಗುಲ ಉಬ್ಬಿತೆಂದು ಹೇಳುವುದು ಕಷ್ಟ. ಅಷ್ಟು ಅಳೆಯುವಂಥ ನೆಟ್ಟಗಿನ ಟೇಪು ಅಲ್ಲಿ ಯಾರ ಬಳಿಯೂ ಇರಲಿಲ್ಲ.